ಮರ್ಫಾ: ಮೂಲದ ಪ್ರಶ್ನೆ ಮತ್ತು ಕೂಲಿಯ ಪ್ರಶ್ನೆ

ಹೈದರಾಬಾದಿನ ಮದುವೆಯ ಬರಾತುಗಳಲ್ಲಿ ಕೇಳಿಬರುವ ಮರ್ಫಾ ಮೇಳವನ್ನು ಕುರಿತ ಬರಹಗಳು ಬಹುಮಟ್ಟಿಗೆ ಒಂದೇ ಪ್ರಶ್ನೆಯನ್ನು ಸುತ್ತುತ್ತವೆ: ಇದು ಹದ್ರಮೌತಿನ ಅರಬರದೋ, ಪೂರ್ವ ಆಫ್ರಿಕಾದಿಂದ ಬಂದ ಸಿದ್ದಿಯರದೋ? ದಫ್, ಹೆಗಲಿಗೆ ತೂಗುಹಾಕಿದ ನಗಾರಿಯ ಬಗೆಯ ಮರ್ಫಾ, ಲೋಹದ ಕೊಡ ಇವುಗಳ ಮೇಳದಲ್ಲಿ ಮಾತಿಗಿಂತ ಲಯವೇ ಪ್ರಧಾನವಾದುದರಿಂದ ವಿದ್ವಾಂಸರು ಲಯದ ಹುಟ್ಟೂರನ್ನು ಅರಸುವುದು ಸಹಜವೇ. ಆದರೆ ಈ ಅರಸುವಿಕೆಯು ತೀರ ಹತ್ತಿರದ ಇತಿಹಾಸವೊಂದನ್ನು ಮರೆಮಾಡಿದೆ.

ಆ ಇತಿಹಾಸ ನಗರದ ಎರಡು ಬಡಾವಣೆಗಳ ಹೆಸರುಗಳಲ್ಲಿಯೇ ಇದೆ. ಎ.ಸಿ. ಗಾರ್ಡ್ಸ್ ಎಂದರೆ ನಿಜಾಮರ ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್. ಬಾರ್ಕಸ್ ಎಂಬುದು ಬ್ಯಾರಕ್ಸ್ ಶಬ್ದವು ಜನರ ಬಾಯಲ್ಲಿ ಪಡೆದ ರೂಪ. ಮೊದಲನೆಯದು ಸಿದ್ದಿ ಸವಾರರ ನೆಲೆ, ಎರಡನೆಯದು ಅರಬ ಸೈನಿಕರದು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ನಿಜಾಮರ ಪಡೆಗಳು ವಿಸರ್ಜನೆಗೊಂಡವು. ಪಡೆ ಹೋಯಿತು, ಹೆಸರು ಉಳಿಯಿತು, ಎ.ಸಿ. ಎಂಬ ಎರಡಕ್ಷರದ ಪೂರ್ಣರೂಪ ಅಲ್ಲಿ ದಿನವೂ ಓಡಾಡುವ ಎಷ್ಟೋ ಜನರಿಗೆ ತಿಳಿಯದು. ಸಂಬಳ ನಿಂತ ಮನೆಗಳವರು ರಿಕ್ಷಾ ಎಳೆದರು, ಸಣ್ಣಪುಟ್ಟ ಚಾಕರಿ ಹಿಡಿದರು, ಪರರ ಮದುವೆಗಳಲ್ಲಿ ಬಾರಿಸಿದರು. ತಮ್ಮ ಮನೆಯ ಸಂಭ್ರಮದ ವಾದ್ಯವೇ ಬಾಡಿಗೆಯ ದುಡಿಮೆಯಾದದ್ದು ಹೀಗೆ. ಇಂದು ನಾವು ಕೇಳುತ್ತಿರುವ ಮರ್ಫಾ ಸಾಗರದಾಚೆಯಿಂದ ಬಂದುದು ಎಷ್ಟು ನಿಜವೋ, ಕಳೆದುಹೋದ ಉದ್ಯೋಗದೊಳಗಿಂದ ಬಂದುದೂ ಅಷ್ಟೇ ನಿಜ.

ತೆಲುಗು ನಾಡಿನ ಡಪ್ಪನ್ನು ಇದರ ಎದುರಿಗಿಟ್ಟು ನೋಡಬಹುದು. ಅದು ಯಾವ ಖಂಡದ್ದೆಂದು ಯಾರೂ ಕೇಳುವುದಿಲ್ಲ. ಬಾರಿಸುವವರ ಜಾತಿ ಮಾತ್ರ ಕೇಳದೆಯೇ ತಿಳಿದಿರುತ್ತದೆ. 1994ರಲ್ಲಿ ಆಗಿನ ಆಂಧ್ರಪ್ರದೇಶದ ಪ್ರಕಾಶಂ ಜಿಲ್ಲೆಯಲ್ಲಿ ಆರಂಭವಾದ ಮಾದಿಗ ಮೀಸಲಾತಿ ಹೋರಾಟವು ದಂಡೋರ ಎಂಬ ಹೆಸರನ್ನೇ ತಳೆದಾಗ, ಊರಿಗೆ ಡಂಗುರ ಸಾರುವ ಚಾಕರಿಯು ಹಕ್ಕಿನ ಕೂಗಾಗಿ ತಿರುಗಿತು. ಮರ್ಫಾಕ್ಕೆ ಅಂಥ ತಿರುವು ದೊರೆಯಲಿಲ್ಲ. ಬಾರಿಸುವವರ ಸಂಖ್ಯೆ ಚಿಕ್ಕದೆಂಬುದು ಒಂದು ಕಾರಣ. ಅವರ ಬಡತನಕ್ಕೆ ‘ಪರಂಪರೆ’ ಎಂಬ ಮರ್ಯಾದೆಯ ಹೆಸರು ದೊರೆತದ್ದು ಇನ್ನೊಂದು. ನನಗೆ ಎರಡನೆಯದೇ ಹೆಚ್ಚು ಬಲವಾದುದಾಗಿ ತೋರುತ್ತದೆ.

ಮೂಲದ ಪ್ರಶ್ನೆ ನಿರುಪಯುಕ್ತವೆಂದು ಇದರ ಅರ್ಥವಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿಯರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಇದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದಾಗ ಅವರ ಪ್ರತ್ಯೇಕ ಬುಡಕಟ್ಟಿನ ಗುರುತು ಹಕ್ಕಾಗಿ ಪರಿಣಮಿಸಿತು. ಹೈದರಾಬಾದಿನಲ್ಲಿ ಹಾಗಾಗಲಿಲ್ಲ. 2007ರ ಆಂಧ್ರಪ್ರದೇಶದ ಶಾಸನವು ಸಿದ್ದಿ, ಹಬ್ಶಿ ಮೊದಲಾದ ಹೆಸರುಗಳನ್ನು ಮುಸ್ಲಿಮರೊಳಗಿನ ಹಿಂದುಳಿದ 14 ಗುಂಪುಗಳಲ್ಲಿ ಒಂದಾಗಿ ಎಣಿಸಿ, ಆ ಎಲ್ಲ ಗುಂಪುಗಳಿಗೆ ಒಟ್ಟು ಶೇ. 4ರ ಮೀಸಲಾತಿಯನ್ನು ವಿಧಿಸಿತು. ಒಂದು ರಾಜ್ಯ ಬುಡಕಟ್ಟನ್ನು ಕಂಡಿತು, ಇನ್ನೊಂದು ಮತವನ್ನು.

ನಮ್ಮ ಜಾನಪದ ಅಧ್ಯಯನಗಳು ಸಿದ್ದಿಯರ ದಮಾಮಿಯನ್ನು ಕುರಿತು ಬರೆಯುವಾಗಲೂ ‘ಆಫ್ರಿಕಾದ ನೆನಪು’ ಎಂಬಲ್ಲಿಗೆ ಬೇಗನೆ ತಲುಪಿಬಿಡುತ್ತವೆ. ಬರಾತಿನ ಮುಂಗಡ ಯಾರ ಕೈಸೇರುತ್ತದೆ, ಅದು ಮೇಳದೊಳಗೆ ಹೇಗೆ ಹಂಚಿಕೆಯಾಗುತ್ತದೆ, ಮದುವೆಗಳು ನಿಲ್ಲುವ ಮೊಹರಮ್ ಮತ್ತು ರಂಜಾನ್ ತಿಂಗಳುಗಳಲ್ಲಿ ದಫ್ ಹಿಡಿಯುವವರ ಮನೆಯ ಒಲೆ ಯಾವುದರಿಂದ ಉರಿಯುತ್ತದೆ ಎಂಬ ವಿಚಾರಣೆಯನ್ನು ಎ.ಸಿ. ಗಾರ್ಡ್ಸಿನಿಂದಲೇ ಆರಂಭಿಸಬಹುದು.