ಕಬ್ಬಿನಲ್ಲಿ ಕೂಡಿಟ್ಟ ಬಿಸಿಲು

ನವೆಂಬರ್ ಬಂತೆಂದರೆ ಸಾಂಗಲಿ ಜಿಲ್ಲೆಯ ಕುಪವಾಡದ ಸುತ್ತಲ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳದೇ ಸಾಲು. ಒಂದೊಂದರ ಹಿಂದೆ ಎರಡೆರಡು ಟ್ರೇಲರ್, ಮೇಲೆ ಆಳೆತ್ತರ ಕಬ್ಬು. ಕೆಳಗೆ ಬಿದ್ದು ಗಾಲಿಗೆ ಸಿಕ್ಕ ಜಲ್ಲೆ ಜಜ್ಜಿಹೋಗಿ, ಮಧ್ಯಾಹ್ನಕ್ಕೆ ನೊಣ ಮುತ್ತಿ, ಸಂಜೆಯ ಹೊತ್ತಿಗೆ ಹುಳಿವಾಸನೆ ಏಳುತ್ತದೆ. ಕಬ್ಬಿನ ಹಾಲು ಹುದುಗತೊಡಗಿದ ವಾಸನೆ ಅದು. ಡಿಸ್ಟಿಲರಿಗಳು ದೊಡ್ಡ ತೊಟ್ಟಿಗಳಲ್ಲಿ ಯೀಸ್ಟ್ ಬಿಟ್ಟು ಮಾಡುವುದೂ ಇದನ್ನೇ. ಎಲೆ ಹೀರಿದ ಬಿಸಿಲು ಸಕ್ಕರೆಯಾಗಿ, ಸಕ್ಕರೆ ಎಥನಾಲ್ ಆಗಿ, ಕೊನೆಗೆ ಪೆಟ್ರೋಲಿನಲ್ಲಿ ಬೆರೆಯುತ್ತದೆ.

ಬಿಸಿಲನ್ನು ಕೂಡಿಡುವ ವಿಧಾನವಾಗಿ ಇದರ ದೊಡ್ಡ ಗುಣ ಸರಳತೆ. ಟ್ಯಾಂಕಿನಲ್ಲಿ ತುಂಬಿದರೆ ತಿಂಗಳುಗಟ್ಟಲೆ ಇರುತ್ತದೆ. ಪೆಟ್ರೋಲಿಗಿಂತ ಲೀಟರಿಗೆ ಮೂರನೇ ಒಂದು ಪಾಲು ಶಕ್ತಿ ಕಡಿಮೆ, ನಿಜ. ಆದರೂ ಸಕ್ಕರೆ ತೆಗೆದು ಉಳಿದ ಕಾಕಂಬಿಯಿಂದ ಮಾಡಿದ ಎಥನಾಲನ್ನು ನಾನು ಮನಸಾರೆ ಒಪ್ಪುತ್ತೇನೆ. ಅದಕ್ಕೆಂದೇ ಯಾರೂ ಹೊಸದಾಗಿ ಹೊಲಕ್ಕೆ ನೀರು ಹಾಯಿಸಬೇಕಿಲ್ಲ.

ನನ್ನ ತಕರಾರು ಇರುವುದು ಕಬ್ಬಿನ ಹಾಲನ್ನೇ ನೇರವಾಗಿ ಇಂಧನ ಮಾಡುವುದರ ಬಗ್ಗೆ. ಒಂದು ಟನ್ ಕಬ್ಬಿಗೆ ಸಿಗುವುದು ಸುಮಾರು 70 ಲೀಟರ್ ಎಥನಾಲ್. ಒಂದು ಲೀಟರಿಗೆ ಖರ್ಚಾಗುವ ನೀರು ಸುಮಾರು 2,860 ಲೀಟರ್ ಎಂಬುದು ನೀತಿ ಆಯೋಗದ್ದೇ ಲೆಕ್ಕ. ಬಿದ್ದ ಬಿಸಿಲಿನಲ್ಲಿ ಕಬ್ಬು ಹಿಡಿದಿಡುವುದು ನೂರಕ್ಕೆ ಒಂದು ಪಾಲಿನ ಆಸುಪಾಸು. ಸೌರಫಲಕ ಇಪ್ಪತ್ತು ಪಾಲು ಹಿಡಿಯುತ್ತದೆ. ಮಳೆ ಕೈಕೊಟ್ಟರೆ ಈ ಉಗ್ರಾಣವೂ ಬರಿದು. 2023ರ ಡಿಸೆಂಬರ್‌ನಲ್ಲಿ ಸಕ್ಕರೆ ಸಾಲದಾದೀತೆಂಬ ಭಯಕ್ಕೆ ಕೇಂದ್ರ ಸರ್ಕಾರವೇ ಕಬ್ಬಿನ ಹಾಲಿನ ಎಥನಾಲಿಗೆ ತಡೆ ಹಾಕಬೇಕಾಯಿತು.

ಇದೇ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿಗೆ ಹೋಗಿ ನೋಡಿ. ಕನ್ನಡ ಮಾತಾಡುವ ಹಳ್ಳಿಗಳು, ಕುಡಿಯುವ ನೀರಿಗೂ ಪರದಾಡಿದ ಊರುಗಳು. ತಲೆಯ ಮೇಲೆ ಮಾತ್ರ ಗಾಳಿಯಂತ್ರಗಳು ತಿರುಗುತ್ತಿವೆ. ಆ ಗಾಳಿಯ ಕರೆಂಟಿನಿಂದ ನೀರನ್ನು ಒಡೆದು ಜಲಜನಕ ಮಾಡಬಹುದು. ಒಂದು ಕಿಲೋ ಜಲಜನಕಕ್ಕೆ ರಾಸಾಯನಿಕವಾಗಿ ಬೇಕಾದ ನೀರು 9 ಲೀಟರ್. ಶುದ್ಧೀಕರಣ, ತಂಪು ಮಾಡುವುದು ಸೇರಿಸಿದರೆ ಇನ್ನಷ್ಟು. ಅಷ್ಟೇ ಶಕ್ತಿಯನ್ನು ಎಥನಾಲಿನಲ್ಲಿ ಕೂಡಿಡಲು ಐದೂವರೆ ಲೀಟರ್ ಬೇಕು, ಅಂದರೆ ಸುಮಾರು 16,000 ಲೀಟರ್ ನೀರು. ಜಲಜನಕದ ಕಷ್ಟಗಳೂ ಸಣ್ಣವಲ್ಲ. ಕಿಲೋಗೆ 50 ಯೂನಿಟ್ಟಿಗೂ ಹೆಚ್ಚು ಕರೆಂಟು ಬೇಕು, ವಾಪಸ್ ಕರೆಂಟು ಮಾಡಿದರೆ ಕೈಗೆ ಬರುವುದು ಮೂರನೇ ಒಂದು ಪಾಲು. ವಿಪರೀತ ಒತ್ತಡದಲ್ಲಿ ತುಂಬಿಡಬೇಕು, ಸೋರದಂತೆ ಕಾಯಬೇಕು. ರಾತ್ರಿಯ ದೀಪಕ್ಕೆ ಬ್ಯಾಟರಿಯೇ ಮೇಲು. ಆದರೆ ಗೊಬ್ಬರ, ಉಕ್ಕಿನ ಕಾರ್ಖಾನೆಗಳಿಗೆ ಜಲಜನಕವನ್ನು ಬರಗಾಲದ ಸೀಮೆ ಕೊಡಬಲ್ಲದು, ಕಬ್ಬನ್ನು ಕೊಡಲಾರದು.

ಕಾಕಂಬಿಯ ಎಥನಾಲ್ ಇರಲಿ. ಇಂಧನಕ್ಕೆಂದು ಒಂದು ಎಕರೆ ಕಬ್ಬೂ ಹೆಚ್ಚದಿರಲಿ. 2016ರ ಏಪ್ರಿಲ್‌ನಲ್ಲಿ ಬಾಯಾರಿದ ಲಾತೂರಿಗೆ ನೀರಿನ ರೈಲು ಹೊರಟದ್ದು ಇಲ್ಲೇ ಪಕ್ಕದ ಮಿರಜದಿಂದ. ಹತ್ತು ವ್ಯಾಗನ್‌ಗಳ ಆ ಮೊದಲ ರೈಲು ಹೊತ್ತೊಯ್ದದ್ದು ಸುಮಾರು 5 ಲಕ್ಷ ಲೀಟರ್. ಕಬ್ಬಿನ ಲೆಕ್ಕದಲ್ಲಿ ಅದು 175 ಲೀಟರ್ ಎಥನಾಲಿನ ನೀರು.