ಕೊನೆಗೆಂದು ಎತ್ತಿಟ್ಟ ಕೀಮೋ

ಪ್ರಾಸ್ಟೇಟ್ ಕ್ಯಾನ್ಸರ್ ಎಲುಬಿಗೆ ಹರಡಿದೆ ಎಂದು ತಿಳಿದ ಮನೆಗಳಲ್ಲಿ ಮಕ್ಕಳು ಆಡುವ ಮಾತು ಬಹುತೇಕ ಒಂದೇ: ‘ಅಪ್ಪನಿಗೆ ಕೀಮೋ ಈಗಲೇ ಬೇಡ, ಕೊನೆಗೆ ನೋಡೋಣ.’ ಪ್ರೀತಿಯಿಂದ ಬರುವ ಮಾತೇ ಅದು. ಆದರೂ ಈ ರೂಢಿಯನ್ನು ನಾನು ಒಪ್ಪಲಾರೆ. ಕೊನೆಗೆಂದು ಎತ್ತಿಟ್ಟ ಕೀಮೋವನ್ನು ತಾಳಿಕೊಳ್ಳುವ ಶಕ್ತಿ ಎಷ್ಟೋ ಸಲ ಆ ಹೊತ್ತಿಗೆ ಅಪ್ಪನ ಮೈಯಲ್ಲಿ ಉಳಿದಿರುವುದಿಲ್ಲ.

ರೂಢಿ ಸುಮ್ಮನೆ ಹುಟ್ಟಿದ್ದಲ್ಲ. ಗಂಡು ಹಾರ್ಮೋನು ತಗ್ಗಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆಂದು ಚಾರ್ಲ್ಸ್ ಹಗ್ಗಿನ್ಸ್ 1941ರಲ್ಲಿ ತೋರಿಸಿದ ಮೇಲೆ ದಶಕಗಳ ಕಾಲ ಅದೇ ಮುಖ್ಯ ಚಿಕಿತ್ಸೆಯಾಗಿತ್ತು. ಕೀಮೋ ಆಯಸ್ಸನ್ನೂ ಹೆಚ್ಚಿಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು 2004ರಲ್ಲಿ. ಹಾರ್ಮೋನು ಚಿಕಿತ್ಸೆಗೆ ಬಗ್ಗದ ರೋಗಕ್ಕೆ ಡೋಸೆಟ್ಯಾಕ್ಸಲ್ ಎಂಬ ಕೀಮೋ ಔಷಧ ಕೊಟ್ಟಾಗ ನೋವು ತಗ್ಗಿತು. ಆಯಸ್ಸಿನ ಗಳಿಕೆ ಮಾತ್ರ ಎರಡು ಮೂರು ತಿಂಗಳಷ್ಟೇ. ಆದರೆ 2015ರಲ್ಲಿ ಪ್ರಕಟವಾದ, 790 ರೋಗಿಗಳ ಅಮೆರಿಕದ ‘ಚಾರ್ಟೆಡ್’ ಅಧ್ಯಯನ ಅದೇ ಔಷಧವನ್ನು ಹಾರ್ಮೋನು ಚಿಕಿತ್ಸೆಯ ಆರಂಭದಲ್ಲೇ ಆರು ಸೈಕಲ್ ಕೊಟ್ಟು ನೋಡಿತು. ಅರ್ಧದಷ್ಟು ಮಂದಿ ದಾಟಿದ ಬದುಕಿನ ಗಡಿ 44 ತಿಂಗಳಿಂದ 57.6 ತಿಂಗಳಿಗೆ ಸರಿಯಿತು. ಎರಡು ಅಧ್ಯಯನಗಳ ರೋಗಿಗಳೂ ರೋಗದ ಹಂತವೂ ಬೇರೆ, ನೇರ ಹೋಲಿಕೆ ಸಲ್ಲದು ನಿಜ. ಆದರೂ ‘ಕೊನೆಗೆ ನೋಡೋಣ’ ಎನ್ನುವವರು ಇದನ್ನು ಕೇಳಿಸಿಕೊಳ್ಳಲೇಬೇಕು.

ಹಾಗೆಂದು ಎಲ್ಲರಿಗೂ ಮೊದಲೇ ಕೊಟ್ಟುಬಿಡುವುದೂ ಸರಿಯಲ್ಲ. ಆ ಅಧ್ಯಯನದ ಲಾಭವೆಲ್ಲ ರೋಗ ಹೆಚ್ಚು ಹರಡಿದ್ದವರದು. ಕಡಿಮೆ ಹರಡಿದ್ದವರಲ್ಲಿ ಅದು ಕಾಣಲಿಲ್ಲ. ಈಗ ಅಬಿರಾಟೆರೋನ್‌ನಂಥ ಮಾತ್ರೆಗಳೂ ಇವೆ, ಅನೇಕರಿಗೆ ಮೊದಲು ಅವೇ ಸಾಕಾಗಬಹುದು.

ಮನೆಯವರ ಕಣ್ಣು ಇರುವುದು ಪಿಎಸ್‌ಎ ರಕ್ತಪರೀಕ್ಷೆಯ ವರದಿಯ ಮೇಲೆ. ಅಂಕಿ ಏರಿದರೆ ಆ ರಾತ್ರಿ ಯಾರಿಗೂ ನಿದ್ದೆಯಿಲ್ಲ. ಕೀಮೋ ಶುರು ಮಾಡಲು ಅದೊಂದೇ ಕಾರಣವಾಗಬಾರದು. ಸ್ಕ್ಯಾನಿನಲ್ಲಿ ಹೊಸ ಗಡ್ಡೆಗಳಿವೆಯೇ, ಬೆನ್ನುನೋವು ರಾತ್ರಿ ಎಬ್ಬಿಸುತ್ತಿದೆಯೇ, ಊಟ ಸೇರುತ್ತಿದೆಯೇ, ಅಪ್ಪ ತಾವಾಗಿ ಸ್ನಾನ ಮಾಡಿ ಬೀದಿಯ ತುದಿವರೆಗೆ ನಡೆದು ಬರುತ್ತಾರೆಯೇ ಎಂಬುದೆಲ್ಲ ಸೇರಿ ಕೀಮೋದ ಹೊತ್ತನ್ನು ಹೇಳುತ್ತದೆ. (ಕಾಲು ಇದ್ದಕ್ಕಿದ್ದಂತೆ ಸೋತರೆ ಬೆನ್ನುಹುರಿ ಅದುಮಿಹೋಗಿರಬಹುದು, ಆಗ ಚರ್ಚೆ ಬೇಡ, ಅಂದೇ ಆಸ್ಪತ್ರೆಗೆ ಹೋಗಬೇಕು.) ವಯಸ್ಸೊಂದನ್ನೇ ನೋಡಿ ‘ಎಪ್ಪತ್ತೆಂಟಾಯಿತಲ್ಲ’ ಎಂದು ಕೈಬಿಡುವುದು ಅನ್ಯಾಯ. ಸಕ್ಕರೆ ಕಾಯಿಲೆ ಇದ್ದರೆ ಕೀಮೋ ಜೊತೆಗೆ ಕೊಡುವ ಸ್ಟೀರಾಯ್ಡ್ ಅದನ್ನು ಏರಿಸುತ್ತದೆ ಎಂಬುದು ಲೆಕ್ಕಕ್ಕೆ ಬರಬೇಕು. ಕೀಮೋದಿಂದ ಬಿಳಿ ರಕ್ತಕಣ ಕುಸಿದ ದಿನಗಳಲ್ಲಿ ಜ್ವರ 100.4 ಡಿಗ್ರಿ ಮುಟ್ಟಿದರೆ ನಡುರಾತ್ರಿಯಾದರೂ ಹೊರಡಬೇಕು. ಹಾಗಾಗಿ ಬೀದರಿನ ಹಳ್ಳಿಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರುವವರು ಊರಿನ ಹತ್ತಿರ ಯಾವ ಆಸ್ಪತ್ರೆ ಈ ಜ್ವರವನ್ನು ನೋಡಿಕೊಳ್ಳುತ್ತದೆ ಎಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ನನಗೆ ಎಲ್ಲಕ್ಕಿಂತ ಕೆಡುಕೆನಿಸುವುದು, ಇದೆಲ್ಲ ಅಪ್ಪನ ಬೆನ್ನ ಹಿಂದೆ ತೀರ್ಮಾನವಾಗುವುದು. ‘ಅವರಿಗೆ ಹೇಳಬೇಡಿ, ಕುಗ್ಗಿಹೋಗುತ್ತಾರೆ’ ಎಂದು ಮಗ ಡಾಕ್ಟರನ್ನು ಪಕ್ಕಕ್ಕೆ ಕರೆಯುತ್ತಾನೆ. ಸೂಜಿ ಚುಚ್ಚಿಸಿಕೊಳ್ಳುವವರು, ಬೆರಳ ತುದಿ ಜೋಮು ಹಿಡಿದು ಅಂಗಿಯ ಗುಂಡಿ ಹಾಕಲು ಒದ್ದಾಡುವವರು ಅಪ್ಪ. ಮೊಮ್ಮಗಳ ಮದುವೆವರೆಗೆ ಹೇಗಾದರೂ ಇರಬೇಕೆನ್ನುವವರಿದ್ದಾರೆ, ಮನೆಯಲ್ಲಿ ನೋವಿಲ್ಲದೆ ಇದ್ದರೆ ಸಾಕೆನ್ನುವವರೂ ಇದ್ದಾರೆ. ಕೇಳದೆ ಇದು ತಿಳಿಯುವುದಿಲ್ಲ. ಕೀಮೋ ಶುರು ಮಾಡಿದರೆ ಮುಗಿಸಲೇಬೇಕೆಂಬ ಹೆದರಿಕೆಗೂ ಆಧಾರವಿಲ್ಲ. ಅಪ್ಪನನ್ನು ಪಕ್ಕದಲ್ಲೇ ಕೂರಿಸಿಕೊಂಡು ಡಾಕ್ಟರನ್ನು ನೇರವಾಗಿ ಕೇಳಬಹುದು: ಎರಡು ಮೂರು ಸೈಕಲ್ ಆದ ಮೇಲೆ ಏನು ಕಂಡರೆ ಮುಂದುವರಿಸುತ್ತೀರಿ, ಏನು ಕಂಡರೆ ನಿಲ್ಲಿಸುತ್ತೀರಿ?