‘ಸ್ಥಳೀಯ’ ಅಂದರೆ ಯಾರು? ಮೂರು ಸಂವಿಧಾನ ತಿದ್ದುಪಡಿಗಳ ನಡುವೆ ಡಿ. ಹಿರೇಹಾಳ್

ಸಾಹಿತ್ಯ ಓದುವವರು ಸಂವಿಧಾನದ ಬಗ್ಗೆ ಯಾಕೆ ಮಾತಾಡಬೇಕು ಅಂತ ಕೆಲವರಿಗೆ ಅನ್ನಿಸಬಹುದು. ಕಾನೂನು ನನ್ನ ವಿಷಯವಲ್ಲ, ಒಪ್ತೀನಿ. ಆದರೆ ಸಂವಿಧಾನವೂ ಒಂದು ಪಠ್ಯ. ಅದರ ಒಂದೊಂದು ಪದವೂ ಯಾರದೋ ಬದುಕನ್ನು ಮುಟ್ಟುತ್ತದೆ. ಹಾಗಾಗಿ ಮೂರು ತಿದ್ದುಪಡಿಗಳನ್ನು ನಮ್ಮೂರಿನಲ್ಲಿ ನಿಂತು ಓದುವ ಪ್ರಯತ್ನ ಮಾಡಿದ್ದೇನೆ.

ನನ್ನ ಊರು ಅನಂತಪುರ ಜಿಲ್ಲೆಯ ಡಿ. ಹಿರೇಹಾಳ್. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದ ಬಳ್ಳಾರಿ ಮೈಸೂರಿಗೆ ಹೋಯಿತು. ರಾಯದುರ್ಗದ ಜೊತೆ ನಮ್ಮೂರೂ ಈ ಕಡೆ ಬಂತು. ಇಲ್ಲಿ ಗಮನಿಸಬೇಕಾದ್ದೇನೆಂದರೆ, ಇದಕ್ಕೆ ಸಂವಿಧಾನ ತಿದ್ದುಪಡಿ ಬೇಕಾಗಿರಲಿಲ್ಲ. 3ನೇ ವಿಧಿಯ ಪ್ರಕಾರ ರಾಜ್ಯದ ಗಡಿ ಬದಲಿಸಲು ಸಂಸತ್ತಿನ ಸಾಮಾನ್ಯ ಕಾಯ್ದೆ ಸಾಕು. ಅಂಥ ಕಾಯ್ದೆಯನ್ನು ತಿದ್ದುಪಡಿ ಎಂದು ಎಣಿಸಬಾರದು ಅಂತ 4ನೇ ವಿಧಿಯೇ ಹೇಳುತ್ತದೆ. ಗೆರೆ ಎಳೆಯುವುದಕ್ಕೆ ಸಾಮಾನ್ಯ ಕಾಯ್ದೆ ಸಾಕಾಯಿತು. ಗೆರೆಯ ಆಚೆ ಉಳಿದವರಿಗೆ ಭರವಸೆ ಕೊಡುವುದಕ್ಕೆ ಮಾತ್ರ ತಿದ್ದುಪಡಿ ಬೇಕಾಯಿತು.

ಆ ಭರವಸೆ 1956ರ 7ನೇ ತಿದ್ದುಪಡಿ. ಅದರಿಂದ 350ಎ ಮತ್ತು 350ಬಿ ವಿಧಿಗಳು ಬಂದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸುವ ಪ್ರಯತ್ನ ಮಾಡಬೇಕು ಅಂತ 350ಎ ಹೇಳುತ್ತದೆ. ಈ ಹೊಣೆ ರಾಜ್ಯದ್ದೂ ಹೌದು, ಸ್ಥಳೀಯ ಸಂಸ್ಥೆಯದ್ದೂ ಹೌದು. ‘ಒದಗಿಸಬೇಕು’ ಅಂದಿಲ್ಲ ನೋಡಿ, ‘ಪ್ರಯತ್ನ’ ಅಂದಿದೆ. ಅದೇ ತಿದ್ದುಪಡಿ 350ಬಿಯಲ್ಲಿ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷ ಅಧಿಕಾರಿ ಇರಲೇಬೇಕು ಅಂತ ಖಚಿತವಾಗಿ ಹೇಳುತ್ತದೆ. ವರದಿ ಬರೆಯುವವರು ಕಡ್ಡಾಯ, ಪಾಠ ಹೇಳುವವರು ಪ್ರಯತ್ನ!

ಎರಡನೆಯದು 1973ರ 32ನೇ ತಿದ್ದುಪಡಿ, ಅಂದರೆ ಆಂಧ್ರಕ್ಕೆ ಸಂಬಂಧಿಸಿದ 371ಡಿ ವಿಧಿ. ತೆಲಂಗಾಣ ಮತ್ತು ಆಂಧ್ರ ಚಳವಳಿಗಳ ನಂತರ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಎಲ್ಲ ಪ್ರದೇಶಗಳಿಗೂ ನ್ಯಾಯ ಸಿಗಲಿ ಅಂತ ಬಂದದ್ದು. ಉದ್ದೇಶ ಒಳ್ಳೆಯದೇ. ಇದರ ಅಡಿಯಲ್ಲಿ ಬಂದ 1974ರ ರಾಷ್ಟ್ರಪತಿ ಆದೇಶ, ಪ್ರವೇಶಕ್ಕೆ ‘ಸ್ಥಳೀಯ’ರು ಯಾರು ಅಂತ ಅಳೆಯಲು ಮುಖ್ಯವಾಗಿ ನೋಡುವುದು ಎಲ್ಲಿ ಓದಿದರು ಎಂಬುದನ್ನು: ಅರ್ಹತಾ ಪರೀಕ್ಷೆಗೆ ಮುಗಿಯುವ ಸತತ ನಾಲ್ಕು ವರ್ಷ. ಹತ್ತನೇ ತರಗತಿವರೆಗೆ ಹಿರೇಹಾಳಿನಲ್ಲಿ ಕನ್ನಡದಲ್ಲಿ ಓದಿ, ಅದೇ ಭಾಷೆಯಲ್ಲಿ ಮುಂದುವರಿಯಲು ಬಳ್ಳಾರಿಗೆ ಹೋಗಿ ಪಿಯುಸಿ ಮಾಡಿದವರ ಲೆಕ್ಕ ಅಲ್ಲಿಗೆ ತಪ್ಪಿತು. ನಾನೂ ಹಾಗೆ ಹೋದವರಲ್ಲಿ ಒಬ್ಬ. ಆಮೇಲೆ ಒಂದು ಕಚೇರಿಯ ಕಿಟಕಿಯಲ್ಲಿ, “ನೀನು ನಮ್ಮ ಲೋಕಲ್ ಅಲ್ಲಪ್ಪ” ಅಂದರು. ಮನೆ, ಹೊಲ, ರೇಷನ್ ಕಾರ್ಡು ಎಲ್ಲಾ ಹಿರೇಹಾಳಿನಲ್ಲೇ ಇತ್ತು.

ಮೂರನೆಯದು 2012ರ 98ನೇ ತಿದ್ದುಪಡಿ, ಹೈದರಾಬಾದ್ ಕರ್ನಾಟಕಕ್ಕೆ ಸ್ಥಾನಮಾನ ಕೊಟ್ಟ 371ಜೆ. ಇಲ್ಲಿ ಅಳತೆ ಹುಟ್ಟು ಅಥವಾ ವಾಸ. ಕುತೂಹಲದ ವಿಷಯವೆಂದರೆ ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ಜಿಲ್ಲೆ ನಿಜಾಮರ ಹೈದರಾಬಾದ್ ರಾಜ್ಯದಲ್ಲಿ ಇರಲಿಲ್ಲ, ಮದ್ರಾಸಿನಲ್ಲಿತ್ತು. ಆದರೂ ಈ ಸೌಲಭ್ಯದ ಒಳಗಿದೆ. ಹಿಂದುಳಿದಿರುವಿಕೆ ಮುಖ್ಯ, ಹೆಸರು ಮುಖ್ಯವಲ್ಲ ಅಂತ ಇದನ್ನು ಸಮರ್ಥಿಸಬಹುದು, ನಾನೂ ಸಮರ್ಥಿಸ್ತೀನಿ. ಆದರೆ ಅಷ್ಟು ಹಿಗ್ಗಿದ ಹೆಸರು 1953ರವರೆಗೆ ಅದೇ ಜಿಲ್ಲೆಯಲ್ಲಿದ್ದ ನಮ್ಮೂರಿನ ಹತ್ತಿರ ಬಂದು ನಿಂತುಬಿಡುತ್ತದೆ. ಗಡಿನಾಡ ಕನ್ನಡಿಗರಿಗೆ ವೃತ್ತಿಶಿಕ್ಷಣ ಪ್ರವೇಶದಲ್ಲಿ ಕರ್ನಾಟಕ ಸರ್ಕಾರ ಅವಕಾಶ ಇಟ್ಟಿದೆ, ನಿಜ. ಅದು ಸರ್ಕಾರದ ನಿಯಮ, ಸಂವಿಧಾನದ ಮಾತಲ್ಲ. ನಿಯಮವನ್ನು ಒಂದು ಆದೇಶದಲ್ಲಿ ಬದಲಿಸಬಹುದು.

ಮೂರನ್ನೂ ಒಟ್ಟಿಗೆ ಓದಿದರೆ ಕಾಣುವುದು ಇಷ್ಟು: ನೆಲಕ್ಕೆ ಸಿಕ್ಕ ಹಕ್ಕಿಗೆ ಅಳತೆಯಿದೆ, ವರ್ಷದ ಲೆಕ್ಕವಿದೆ, ಮೀಸಲು ಪ್ರಮಾಣವಿದೆ. ಭಾಷೆಗೆ ಸಿಕ್ಕ ಭರವಸೆಗೆ ಇದ್ಯಾವುದೂ ಇಲ್ಲ. ಅದು ಪ್ರಾಥಮಿಕ ಹಂತಕ್ಕೇ ಮುಗಿಯುತ್ತದೆ. ಮುಂದೆ ಮಗು ಭಾಷೆ ಹಿಡಿದು ಹೋದರೆ ನೆಲದ ಹಕ್ಕು ಸಡಿಲವಾಗುತ್ತದೆ, ನೆಲ ಹಿಡಿದು ನಿಂತರೆ ಭಾಷೆ ಬಿಡಬೇಕಾಗುತ್ತದೆ. ಮಡಕಶಿರದ ಮಗುವಿಗೂ ಇದೇ ಆಯ್ಕೆ. ಕನ್ನಡ ಶಾಲೆಗೆ ಮಕ್ಕಳು ಯಾಕೆ ಬರ್ತಿಲ್ಲ ಅಂತ ಕೇಳುವಾಗ ನಾವು ಅಭಿಮಾನ ಕಮ್ಮಿಯಾಯ್ತು ಅಂತೀವಿ. ತಂದೆತಾಯಿ ಈ ಲೆಕ್ಕ ಹಾಕ್ತಾ ಇದ್ದಾರೆ, ಅಷ್ಟೇ.

ಚರ್ಚೆಯಲ್ಲಿ ಗುರುಗಳೊಬ್ಬರು ಕೇಳಿದರು: “ಹಾಗಾದರೆ ನಿಮ್ಮೂರು ಕರ್ನಾಟಕಕ್ಕೆ ಸೇರಬೇಕು ಅಂತೀರಾ?”

ಇಲ್ಲ ಸಾರ್. ಗೆರೆ ಎಲ್ಲಿ ಎಳೆದರೂ ಅದರ ಆಚೆ ಯಾರೋ ಉಳೀತಾರೆ. ಆಗ ನಮ್ಮೂರ ತೆಲುಗು ಮನೆಗಳವರು ಇದೇ ಪ್ರಬಂಧ ಬರೆಯಬೇಕಾಗುತ್ತದೆ. ಹೊಸ ತಿದ್ದುಪಡಿಯನ್ನೂ ನಾನು ಕೇಳುತ್ತಿಲ್ಲ. 350ಎ ವಿಧಿಗೆ ಎರಡನೇ ಭಾಗ ಒಂದಿದೆ. ಈ ಅನುಕೂಲಗಳಿಗಾಗಿ ರಾಷ್ಟ್ರಪತಿಯವರು ಯಾವುದೇ ರಾಜ್ಯಕ್ಕೆ ನಿರ್ದೇಶನ ಕೊಡಬಹುದು ಅಂತ. ನಾವು ಮೊದಲ ಭಾಗ ಓದಿ ನಿಲ್ಲಿಸಿಬಿಡ್ತೀವಿ. ಎಷ್ಟು ಮಕ್ಕಳಿಗೆ ಎಷ್ಟು ಕನ್ನಡ ಶಿಕ್ಷಕರು, ಪುಸ್ತಕ ಯಾವ ತಿಂಗಳಿಗೆ ಬರಬೇಕು ಅಂತ ಆ ನಿರ್ದೇಶನದಲ್ಲಿ ಬರೆಯಿಸಬಹುದು. 371ಡಿಯ ಆದೇಶವನ್ನೂ ರಾಷ್ಟ್ರಪತಿಯೇ ಹೊರಡಿಸಿದ್ದು. ತಾಯ್ನುಡಿಯಲ್ಲಿ ಓದಲು ಗಡಿ ದಾಟಿದ ವರ್ಷಗಳನ್ನು ಮನೆಯಲ್ಲಿದ್ದ ವರ್ಷಗಳೆಂದೇ ಎಣಿಸಿ ಅಂತ ಅದರಲ್ಲಿ ಒಂದು ಸಾಲು ಸೇರಿಸಿದರೆ, ‘ಪ್ರಯತ್ನ’ ಎಂಬ ಪದಕ್ಕೆ ನಮ್ಮೂರಿನಲ್ಲಿ ಒಂದು ಅರ್ಥ ಬರುತ್ತದೆ.